ಅಮ್ಮ ನಾಲಿಗೆ ತೋರಿಸಿದ ದಿನ

ಆಗೆಲ್ಲ ಬೇಸಿಗೆ ರಜೆ ಎಂದರೆ ಮಾದಿಹಳ್ಳಿಯಲ್ಲಿ ನಮಗೆ ಹುಣಸೆಹಣ್ಣಿನ ಕಾಲ. ಹಣ್ಣಿಗೆ ಉಪ್ಪು, ಬೆಲ್ಲ, ಜೀರಿಗೆ, ಖಾರದಪುಡಿ ಹಾಕಿ ಕುಟ್ಟಿ, ಕಡ್ಡಿಗೆ ಮೆತ್ತಿಕೊಂಡು ಚೀಪುತ್ತಾ ಮಧ್ಯಾಹ್ನವಿಡೀ ಕುಂಟೆಬಿಲ್ಲೆ ಆಡುತ್ತಿದ್ದೆವು. ನಾನು ನಾಲ್ಕನೇ ಕ್ಲಾಸು ಮುಗಿಸಿದ ವರ್ಷ, ಹಾಗೆ ಆಡುವಾಗಲೇ ಗೆಳತಿ ಸುಧಾ ಕಿರುಚಿದಳು.

"ಏ, ನಿನ್ ಬಾಯಿ ಒಂದ್ಕಡೆ ಎಳ್ಕೊಂಡೈತೆ ಕಣೇ!"

ಅಣಕಿಸುತ್ತಿದ್ದಾಳೆಂದು ನಕ್ಕೆ. ಎಂಜಲು ಗಲ್ಲದ ಮೇಲೆ ಇಳಿಯಿತು. ಒಳಗೆ ಓಡಿ ಕನ್ನಡಿ ನೋಡಿದರೆ, ನಗುತ್ತಿದ್ದುದು ಅರ್ಧ ಮುಖ ಮಾತ್ರ. ಎಷ್ಟು ಹೆಣಗಿದರೂ ಎಡಗಣ್ಣು ಮುಚ್ಚಲೊಲ್ಲದು.

"ಗಾಳಿ ಸೋಕೈತೆ" ಎಂದಳು ಅಜ್ಜಿ. ಅಮ್ಮ ಮಾತ್ರ ಗೋಡೆ ಹಿಡಿದು ಕುಳಿತುಬಿಟ್ಟಳು.

ಮರುದಿನ ಡೇರಿಗೆ ಹಾಲು ಹಾಕಿ ಬಂದವನೇ ಅಪ್ಪ ನನ್ನನ್ನೂ ಅಮ್ಮನನ್ನೂ ಹಾಸನಕ್ಕೆ ಕರೆದೊಯ್ದ. ಡಾಕ್ಟರಮ್ಮ ನನ್ನ ನಾಲಿಗೆ ನೋಡಿದರು. ಅದರ ತುಂಬ ಸೀಳುಸೀಳಾದ ಗೆರೆಗಳು. ಆಗಾಗ ತುಟಿ ಊದುತ್ತದೆಯೇ ಎಂದು ಕೇಳಿದರು. ಹೌದೆಂದೆ. ಅವರು ಅಮ್ಮನ ಕಡೆ ತಿರುಗಿದರು.

"ನಿಮ್ಮ ನಾಲಿಗೆನೂ ತೋರಿಸಿ ಅಮ್ಮಾ."

ಅಮ್ಮ ತುಟಿ ಬಿಗಿದಳು. ಮತ್ತೆ ಕೇಳಿದ ಮೇಲೆ ತೋರಿಸಿದಳು. ಅದೇ ಗೆರೆಗಳು!

"ನಿಮಗೂ ಮುಖ ಹೀಗಾಗಿತ್ತಾ?"

"ಮದ್ವೆಗೆ ಮುಂಚೆ ಎರಡು ಸಲ. ನಮ್ಮಪ್ಪಂಗೂ ಆಗಿತ್ತು."

ಅಪ್ಪ ಕುರ್ಚಿಯಿಂದ ಎದ್ದು ನಿಂತುಬಿಟ್ಟ.

"ಕೆಲವು ಮನೆತನಗಳಲ್ಲಿ ಇದು ತಲೆತಲಾಂತರವಾಗಿ ಬರುತ್ತೆ. ಯಾರ ತಪ್ಪೂ ಅಲ್ಲ. ಈಗ ವಾಸಿಯಾಗುತ್ತೆ, ಮತ್ತೆ ಬರಲೂಬಹುದು" ಎಂದರು ಡಾಕ್ಟರಮ್ಮ.

ವಾಪಸು ಬರುವ ಬಸ್ಸಿನಲ್ಲಿ ಅಪ್ಪ ಬಾಯಿಬಿಟ್ಟ. "ಒಂದ್ ಮಾತು ಹೇಳ್ಬೋದಾಗಿತ್ತಲ್ಲ?"

"ಹೇಳಿದ್ರೆ ನನ್ನ ಮದ್ವೆ ಆಗ್ತಿದ್ರಾ?"

ಅಪ್ಪ ಕಿಟಕಿಯಾಚೆ ನೋಡತೊಡಗಿದ. ಆಗ್ತಿದ್ದೆ ಎಂದುಬಿಡಲಿ ಎಂದು ಊರು ಬರುವವರೆಗೂ ಕಾದೆ. ಅನ್ನಲಿಲ್ಲ. ಕನ್ನಡಿ ನೋಡಿದಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಕೆಲವು ವಾರಗಳಲ್ಲಿ ನನ್ನ ಮುಖ ನೆಟ್ಟಗಾಯಿತು. ಕಾಲೇಜಿನಲ್ಲಿದ್ದಾಗ ಮತ್ತೊಮ್ಮೆ ಬಂತು. ಅಂದಿನಿಂದ ತುಟಿಯ ಎಡ ಅಂಚು ತುಸು ಇಳಿದೇ ಇದೆ. ಅದು ನನಗೆ ಒಗ್ಗಿಹೋಗಿದೆ.

ಒಗ್ಗದ್ದು ಬೇರೆ. ಆ ಬೇಸಿಗೆಗೆ ಮುಂಚೆ, ಸಂಜೆ ಅಪ್ಪ ಹಾಲು ಕರೆಯುವಾಗ ಅಮ್ಮ ಪಕ್ಕದಲ್ಲೇ ಕುಕ್ಕರಿಸಿಕೊಂಡು ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಇಬ್ಬರೂ ನಕ್ಕ ಸದ್ದಿಗೆ ಹಸು ಬೆದರಿ ಕಾಲೆತ್ತುತ್ತಿತ್ತು. ಆಮೇಲೆ ಅಮ್ಮ ಪಾತ್ರೆ ಇಟ್ಟು ಸುಮ್ಮನೆ ಒಳಗೆ ಬರತೊಡಗಿದಳು. ಅಪ್ಪ ಅವಳನ್ನು ಒಂದು ದಿನವೂ ಬೈಯಲಿಲ್ಲ. ಆದರೆ ಅವರಿಬ್ಬರೂ ಒಟ್ಟಿಗೆ ನಕ್ಕಿದ್ದನ್ನು ನಾನು ಮತ್ತೆ ಕೇಳಲೇ ಇಲ್ಲ.