ಕಲ್ಲಿಗೆ ಕಟ್ಟಿದ ನೂಲು

ಮೂವತ್ತೈದನೆಯ ಇಸವಿಯೋ ಮೂವತ್ತಾರೋ. ಮಳೆ ಬಿದ್ದ ಮರುದಿನ ಕೋಯಮತ್ತೂರು ಕಡೆಯ ಅನ್ನೂರಿನ ನಮ್ಮ ನೇಕಾರರ ಬೀದಿಯಾಚೆ ಹೊಲಗಳಲ್ಲಿ ಮಣಿಗಳು ಮೇಲೇಳುತ್ತಿದ್ದವು. ಯಾವ ಕಾಲದವರ ಕೊರಳಿನವೋ. ಅಣ್ಣ ಮಗ್ಗದ ಕುಳಿಯಲ್ಲಿ ಕೂತೇ ಒಂದನ್ನು ಬೆಳಕಿಗೆ ಹಿಡಿಯುತ್ತಿದ್ದ. ತಿಳಿನೀಲಿ ಮಣಿ, ನೀರಿನೊಳಗೆ ಇನ್ನೊಂದು ನೀರು ನಿಂತ ಹಾಗೆ.

"ಈ ಕಲ್ಲು ನಮ್ಮೂರ್ದಲ್ಲ ಅಮ್ಮಿಣಿ. ಎಲ್ಲಿಂದ್ಲೋ ನಡ್ದು ಬಂದದೆ."

ಕಲ್ಲುಗಳು ಇಬ್ಬನಿಯಲ್ಲಿ ಸಾಲಾಗಿ ನಡೆದು ಬರುವುದು ನನ್ನ ಕಣ್ಣಿಗೆ ಕಟ್ಟುತ್ತಿತ್ತು.

ಸೀರೆ ಮಾರಲು ಸಂತೆಗೆ ಹೋದ ಊರಿನಿಂದೆಲ್ಲ ಅಣ್ಣ ಬಾವಿ ತೋಡಿದ ಮಣ್ಣಿನ ಗುಡ್ಡೆ ಕೆದಕಿ ಕಲ್ಲು ತರುತ್ತಿದ್ದ. ಮಣಿಯಂಥದೇ ಕಲ್ಲು ಸಿಕ್ಕ ಊರು ಮಣಿಯ ತವರು ಎಂದು ಅವನ ನಂಬಿಕೆ. ಅವನಿಗೆ ಅಕ್ಷರ ಬಾರದು. ಊರಿನ ಗುರುತಿಗೆ ಪ್ರತಿ ಕಲ್ಲಿಗೂ ಬಣ್ಣದ ನೂಲು ಕಟ್ಟುತ್ತಿದ್ದ. ವೆಳ್ಳಕೋಯಿಲಿಗೆ ಹಸಿರು, ಕಿಣತ್ತುಕಡವಿಗೆ ಕೆಂಪು.

ಒಂದು ದಿನ ನಾನು ನೇಯುತ್ತಿದ್ದ ಹಸಿರಂಚಿನ ಸೀರೆಯಲ್ಲಿ ಎಳೆಗಳು ಕಡಿಯುತ್ತಲೇ ಹೋದವು. ಗಂಟು ಹಾಕಿ ಸೇರಿಸಲು ಹಸಿರು ನೂಲು ಉಳಿದಿರಲಿಲ್ಲ. ಗೇಣು ನೂಲನ್ನೂ ಎಸೆಯದ ಮನೆ ನಮ್ಮದು. ಅಣ್ಣ ಸಂತೆಗೆ ಹೋಗಿದ್ದ. ಕಲ್ಲುಗಳ ಹಸಿರು ನೂಲು ಬಿಚ್ಚಿಕೊಂಡೆ, ಬರಿದಾಗಿ ಕಾಣಬಾರದೆಂದು ಕೆಂಪು ಕಟ್ಟಿದೆ. ಹಸಿರು ಬಂದ ಮೇಲೆ ಬದಲಿಸೋಣ ಎಂದುಕೊಂಡು ಮರೆತೆ.

ತಿಂಗಳಾದ ಮೇಲೆ ಕೋಯಮತ್ತೂರಿನಿಂದ ಹಳೆಯ ಮಣಿಗಳ ಬಗ್ಗೆ ಬರೆಯುವ ಮೇಷ್ಟ್ರೊಬ್ಬರು ಬಂದರು. ಅಣ್ಣನ ತಿಳಿನೀಲಿ ಮಣಿ ನೋಡಿ, ಈ ಕಲ್ಲು ಹುಟ್ಟಿದ ಜಾಗ ತೋರಿಸಿದರೆ ಇನ್ನು ಮುಂದೆ ಮಣಿ ಹುಡುಕಲು ಅವನನ್ನು ತಮ್ಮ ಜೊತೆಗೇ ಕರೆದೊಯ್ಯುವುದಾಗಿ ಹೇಳಿದರು. ಅಣ್ಣ ಮಗ್ಗ ಬಿಟ್ಟೆದ್ದ. ಕಲ್ಲುಗಳ ಬುಟ್ಟಿಯಲ್ಲಿ ಹುಡುಕಿ ಅಂಥದೇ ಕಲ್ಲು ತೆಗೆದ.

"ತಂಬಿ, ಇದು ಎಂದ ಊರು ಕಲ್?" ಯಾವ ಊರಿನ ಕಲ್ಲೆಂದು ಮೇಷ್ಟ್ರು ತಮಿಳಿನಲ್ಲಿ ಕೇಳಿದರು.

ಅಣ್ಣ ನೂಲನ್ನೇ ನೋಡಿದ. ಮನೆಮಾತು ಕನ್ನಡದಲ್ಲಿ ನನಗೆ ಹೇಳಿದ: "ವೆಳ್ಳಕೋಯಿಲು ಅಂತ ಗ್ಯಾನ ಅಮ್ಮಿಣಿ. ಬಾವಿ ಪಕ್ಕ ಎಮ್ಮೆ ಕಟ್ಟಿತ್ತು, ನಂಗೆ ಒದೀಲಿಕ್ಕೆ ಬಂತು. ಆದ್ರೆ ನೂಲು ಕೆಂಪದೆ?"

ನೂಲು ಬದಲಿಸಿದ್ದು ಆಗ ನೆನಪಾಯಿತು, ಆದರೆ ಬಂದವರೆದುರು ಬೈಸಿಕೊಳ್ಳಲು ನಾಚಿಕೆ. ಮಜ್ಜಿಗೆ ಲೋಟ ಹಿಡಿದು ನಕ್ಕೆ. "ನೂಲು ಸುಳ್ಳು ಹೇಳ್ತದಾ ಅಣ್ಣ?"

"ಅಂಗಾದ್ರೆ ಎಮ್ಮೆನೇ ಸುಳ್ಳು ಹೇಳಿರ್ಬೇಕು" ಎಂದು ಅವನೂ ನಕ್ಕ.

ಕೆಂಪು ನೂಲನ್ನೇ ನಂಬಿ ಅಣ್ಣ, ಮೇಷ್ಟ್ರು ಇಬ್ಬರೂ ಕಿಣತ್ತುಕಡವಿಗೆ ಹೋದರು. ಮೂರು ದಿನ ಬಾವಿ ಬಾವಿ ಅಲೆದರೂ ಕರಿಬಂಡೆ, ಬಿಳಿ ಬೆಣಚುಕಲ್ಲು, ಅಷ್ಟೇ. ಮೇಷ್ಟ್ರು "ಪರವಾಯಿಲ್ಲೆ ತಂಬಿ" ಎಂದು ಬಸ್ಸು ಹತ್ತಿದರಂತೆ. ಮತ್ತೆ ಬರಲಿಲ್ಲ.

"ಏನಪ್ಪಾ ಕಲ್ಲು ಡಾಕ್ಟ್ರೇ, ತವರು ಸಿಕ್ತಾ?" ಎಂದು ಬೀದಿಯವರು ಕೆಣಕಿದರು. ಅಣ್ಣ ಬುಟ್ಟಿಯನ್ನು ಹಳ್ಳಕ್ಕೆ ಸುರಿದು ಬಂದ. "ನೂಲು ಕಟ್ಟೋವಾಗ ನಾನೇ ತಪ್ಪಿದ್ದೀನಿ" ಎಂದ. ಆಗಲೂ ನಾನು ಬಾಯಿ ಬಿಡಲಿಲ್ಲ.

ಅಲ್ಲಿಂದ ಮುಂದೆ ಮಗ್ಗಕ್ಕೆ ಹಾಸು ಹೂಡಿದಾಗಲೆಲ್ಲ ಎಳೆ ಎಣಿಸಲು ನನ್ನನ್ನು ಕರೆಯುತ್ತಿದ್ದ. "ನೀನೊಂದ್ಸಲ ಎಣಿಸು ಅಮ್ಮಿಣಿ. ನನ್ ಗ್ಯಾನ ನಂಬಕ್ಕಾಗಲ್ಲ." ಎಣಿಸುತ್ತಿದ್ದೆ. ಒಂದು ಸಲವೂ ತಪ್ಪಿರಲಿಲ್ಲ. ಸರಿಯಿದೆ ಎಂದರೂ ಅವನು ಇನ್ನೊಮ್ಮೆ ಎಣಿಸು ಎನ್ನುತ್ತಿದ್ದ, ಕೊನೆಯವರೆಗೂ.