ಅಳಿಯನ ಕೈಯಲ್ಲಿ ಹ್ಯಾಂಡಲ್, ನನ್ನ ಜೇಬಿನಲ್ಲಿ ಕೀಲಿ

ಆ ವರ್ಷ ಹೋಳಿ ಹಬ್ಬಕ್ಕೆಂದು ಅಕ್ಕ ಮತ್ತು ಅವಳ ಗಂಡ ಮರಾಠಿ ಸೀಮೆಯ ಬಜಾಜ್ ನಗರದಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಅವರು ಬುಟಿಬೋರಿಯ ಕಾರ್ಖಾನೆಯೊಂದರ ಬಸ್ಸಿನ ಚಾಲಕರು. ಬೆಳಗಿನ ಪಾಳಿಯ ಕೆಲಸಗಾರರನ್ನು ಕರೆದೊಯ್ಯುವುದು ಅವರ ಕೆಲಸ.

ಬಣ್ಣದಾಟದ ದಿನ ಮಾಮಾ ಸ್ಕೂಟರ್ ಏರಿ ಲಕ್ಷ್ಮೀ ನಗರದ ಗೆಳೆಯರ ಮನೆಗೆ ಹೋದವರು ಹೋಳಿಗೆ ಊಟದ ಹೊತ್ತಾದರೂ ಮರಳಲಿಲ್ಲ. ಅಕ್ಕ ನನ್ನನ್ನು ಕಳುಹಿಸಿದಳು. "ಕುಡದಿದ್ರ ಗಾಡಿ ಮುಟ್ಟಾಕ ಬಿಡಬ್ಯಾಡ. ಲೈಸನ್ಸ್ ಹೋತಂದ್ರ ಕೆಲಸಾನೂ ಹೋತು."

ನಮ್ಮ ಮನೆತನದ ಮೊದಲ ಪದವೀಧರ ನಾನು. ಹೀಗಾಗಿ ಕಾನೂನು, ವೈದ್ಯಕೀಯ, ಗ್ಯಾಸ್ ಬುಕಿಂಗ್ ಮುಂತಾದ ಗಂಭೀರ ವಿಷಯಗಳೆಲ್ಲ ನನ್ನ ಪಾಲಿಗೇ ಬರುತ್ತವೆ. ಹೊರಡುವ ಮುನ್ನ ಮೋಟಾರು ವಾಹನ ಕಾಯ್ದೆಯ ನೂರಾ ಎಂಬತ್ತೈದನೆಯ ಕಲಮನ್ನು ಮೊಬೈಲಿನಲ್ಲಿ ಎರಡು ಸಲ ಓದಿಕೊಂಡೆ. ಕುಡಿದು ವಾಹನ ಚಲಾಯಿಸಿದರೆ ಮೊದಲ ಸಲವೇ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಪರವಾನಗಿ ಅಮಾನತಾಗುವುದು ಬೇರೆ.

ಮಾಮಾ ನೇರಳೆ ಬಣ್ಣದ ಮುಖದೊಂದಿಗೆ ಗೆಳೆಯರ ಮನೆಯ ಗೇಟಿನಲ್ಲೇ ಸಿಕ್ಕರು, ಬಾಯಲ್ಲಿ ಮದ್ಯದ ವಾಸನೆ. "ಬರ್ರಿ ಪದವೀಧರ್ರ! ಹಿಂದ ಕುಂದರ್ರಿ. ಬಸ್ ಹೊಡಿಯೋ ಕೈ ಇದು!"

ನಾನು ಕೀಲಿಯನ್ನು ಕಸಿದುಕೊಂಡು ಜೇಬಿನ ಗುಂಡಿ ಹಾಕಿದೆ. ಗಾಡಿ ಬಿಟ್ಟು ಬರಲು ಅವರು ಒಪ್ಪಲಿಲ್ಲ. ರಸ್ತೆಯಲ್ಲಿ ಆಟೋ ಒಂದೂ ಇರಲಿಲ್ಲ. ನನಗೆ ಸ್ಕೂಟರ್ ಓಡಿಸಲು ಬಾರದು. ತಳ್ಳಿಕೊಂಡು ಹೋಗುವುದೊಂದೇ ಉಳಿದಿತ್ತು. ಆದರೆ ಹಬ್ಬಕ್ಕೆ ಕರೆದ ಅಳಿಯನನ್ನು ಬಿಸಿಲಿನಲ್ಲಿ ನಡೆಸಿಕೊಂಡು ಬಂದರೆ ಅವ್ವ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ನಮ್ಮಲ್ಲಿ ಅಳಿಯನಾದವನು ತಾನು ಉಂಡ ತಟ್ಟೆಯನ್ನೂ ಎತ್ತುವುದಿಲ್ಲ. ಆದ್ದರಿಂದ ಮಾಮಾ ಅವರನ್ನು ಸೀಟಿನ ಮೇಲೆ ಕೂರಿಸಿ, ಹ್ಯಾಂಡಲ್ ಅವರ ಕೈಗೇ ಕೊಟ್ಟು, ನಾನು ಹಿಂದಿನಿಂದ ತಳ್ಳತೊಡಗಿದೆ. ಕಾನೂನಿಗೂ ಸಂಪ್ರದಾಯಕ್ಕೂ ಏಕಕಾಲದಲ್ಲಿ ಗೌರವ ಸಲ್ಲಿಸಿದೆನೆಂದು ನನಗೆ ಹೆಮ್ಮೆಯೆನಿಸಿತು.

"ಪೋಂ ಪೋಂ! ಬಜಾಜ್ ನಗರ ಬಂತು, ಇಳಿಯೋರು ಬಾಗಲಕ್ಕ ಬರ್ರಿ!" ಎಂದು ಮಾಮಾ ಕೂಗುತ್ತಿದ್ದರು.

ತುಸು ಇಳಿಜಾರು ಬಂದಾಗ ಗಾಡಿ ನನ್ನ ಕೈ ತಪ್ಪಿತು. ಹಾದಿಹೋಕರಿಗೆ ಕೈ ಬೀಸುತ್ತಲೇ ಮಾಮಾ ಮುಂದೆ ಸಾಗಿದರು. ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ತಮ್ಮ ವಯಸ್ಸಿಗೆ ಮೀರಿದ ವೇಗದಲ್ಲಿ ಪಕ್ಕಕ್ಕೆ ಜಿಗಿದರು. ಗಾಡಿ ಪೊಲೀಸರ ಬ್ಯಾರಿಕೇಡಿಗೆ ತಾಗಿ ನಿಂತಿತು.

"ಕಾಯ್ ಕಾಕಾ, ಪೆಟ್ರೋಲ್ ಸಂಪಲ ಕಾ?" ಎಂದ ಹವಾಲ್ದಾರರು, ಪೆಟ್ರೋಲ್ ಮುಗಿದಿದೆಯೆಂದೇ ಭಾವಿಸಿ, ನಗುತ್ತ ಬ್ಯಾರಿಕೇಡ್ ಸರಿಸಿದರು.

ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಸರಕಾರಿ ನೌಕರರೊಬ್ಬರು ತಪ್ಪು ತಿಳಿವಳಿಕೆಯಲ್ಲಿ ಉಳಿಯುವುದು ನನಗೆ ಸರಿಕಾಣಲಿಲ್ಲ. ಓಡಿಬಂದವನೇ ಮರಾಠಿಯಲ್ಲಿ ವಿವರಿಸಿದೆ: ಪೆಟ್ರೋಲ್ ಇದೆ, ಇವರು ಕುಡಿದಿದ್ದಾರೆ, ಕಲಮಿನ ಪ್ರಕಾರ ಚಲಾಯಿಸಲು ಯತ್ನಿಸುವುದೂ ಅಪರಾಧವೇ, ಆದರೆ ಇವರು ಯತ್ನಿಸುತ್ತಿಲ್ಲ, ಕುಳಿತಿದ್ದಾರೆ ಅಷ್ಟೇ.

"ಲೇ, ಬಾಯಿ ಮುಚ್ಚಲೇ!" ಎಂದರು ಮಾಮಾ.

ಹವಾಲ್ದಾರರು ಬ್ಯಾರಿಕೇಡನ್ನು ಮತ್ತೆ ಅಡ್ಡ ಎಳೆದರು. ಮಹಿಳಾ ಅಧಿಕಾರಿಯೊಬ್ಬರು ಕುಡಿತ ಪತ್ತೆಹಚ್ಚುವ ಯಂತ್ರ ತಂದು ಮಾಮಾ ಅವರಿಂದ ಊದಿಸಿದರು. ಅದು ಕಿರುಚಿಕೊಂಡಿತು. ಮಾಮಾ ಅವರ ನೇರಳೆ ಮುಖದ ನಗೆ ಇಳಿದುಹೋಯಿತು. "ಮೇಡಂ, ಡ್ರೈವರ್ ಹೂಂ. ನೌಕರಿ ಜಾಯೇಗಿ," ಎಂದು ಕೆಲಸ ಹೋದೀತೆಂಬ ಭಯದಲ್ಲಿ ಹಿಂದಿಯಲ್ಲಿ ಬೇಡಿ ಕೈಮುಗಿದರು.

ನಾನು ಜೇಬಿನ ಗುಂಡಿ ಬಿಚ್ಚಿ ಕೀಲಿ ತೋರಿಸಿದೆ. ಹವಾಲ್ದಾರರು ಸೈಲೆನ್ಸರ್ ಮುಟ್ಟಿ ನೋಡಿ, ತಣ್ಣಗಿದೆ ಎಂದರು.

ಅಧಿಕಾರಿ ಮರಾಠಿಯಲ್ಲಿ ಮಾಮಾ ಅವರನ್ನು ಕೇಳಿದರು: "ನಿಮ್ಮ ಬಸ್ಸಿನಲ್ಲಿ ಎಷ್ಟು ಜನ ಕೂರುತ್ತಾರೆ?"

"ಐವತ್ತು."

"ಇಲ್ಲಿ ಒಬ್ಬ ಅಜ್ಜಿಯೇ ನಿಮಗೆ ಕಾಣಲಿಲ್ಲ."

ಮಾಮಾ ಹಿಂತಿರುಗಿ ಅಜ್ಜಿಯತ್ತ ನೋಡಿದರು. ಎಂಜಿನ್ ಬಂದ್ ಇದ್ದುದರಿಂದ ಈ ಸಲ ಕೇಸ್ ಹಾಕುವುದಿಲ್ಲ ಎಂದ ಅಧಿಕಾರಿ, ಅವರನ್ನು ಸೀಟಿನಿಂದ ಇಳಿಸಿದರು. ನಾನು ಹ್ಯಾಂಡಲ್ ಹಿಡಿದು ನಡೆಯಬೇಕು, ಮಾಮಾ ಹಿಂದಿನಿಂದ ತಳ್ಳಬೇಕು ಎಂದು ಆಜ್ಞೆಯಾಯಿತು.

"ಮೇಡಂ, ನನಗೆ ಪರವಾನಗಿ ಇಲ್ಲ. ಹ್ಯಾಂಡಲ್ ಹಿಡಿಯಬಹುದೆ?" ಎಂದು ಕೇಳಿದೆ.

ಅವರು ಕಣ್ಣು ಮುಚ್ಚಿಕೊಂಡರು. ಹವಾಲ್ದಾರರು ನನ್ನ ಭುಜ ಹಿಡಿದು ಬೇಗಬೇಗನೆ ಬ್ಯಾರಿಕೇಡ್ ದಾಟಿಸಿಬಿಟ್ಟರು.

ಅಳಿಯ ಗಾಡಿ ತಳ್ಳುತ್ತ ಬಂದದ್ದನ್ನು ಕಂಡು ಅವ್ವ "ಅಯ್ಯ ಶಿವನ!" ಎಂದು ಬಾಗಿಲಲ್ಲೇ ಕುಳಿತಳು. ಅಕ್ಕ ಮಾತ್ರ ಗೋಡೆ ಹಿಡಿದು ನಕ್ಕಳು. ಆದರೆ ನಡೆದದ್ದನ್ನು ಕೇಳಿದ ಮೇಲೆ ಅವಳ ನಗು ನಿಂತಿತು.

ಸಂಜೆ ಮಾಮಾ ತಾವಾಗಿಯೇ ಸೂಪರ್‌ವೈಸರರಿಗೆ ಫೋನ್ ಮಾಡಿದರು. ಅವರೂ ನಮ್ಮ ಕಡೆಯ ಕನ್ನಡದವರೇ. "ಸರ, ಕಾಲು ಹಿಡಕೊಂಡಾವ್ರಿ..." ಎಂದು ಕಾಲುನೋವಿನ ಸುಳ್ಳು ನೆಪ ಆರಂಭಿಸಿ ಅಕ್ಕನ ಮುಖ ನೋಡಿದರು. "ಅಲ್ರಿ, ಖರೇ ಹೇಳ್ತೀನಿ. ಇವತ್ತ ಭಾಳ ಕುಡದೀನಿ. ಮುಂಜಾನಿ ಬಸ್ಸಿಗೆ ಬ್ಯಾರೆಯವರನ್ನ ಹಾಕ್ರಿ."

ಬಹಳ ಹೊತ್ತು ಕೇಳಿಸಿಕೊಂಡು ಫೋನ್ ಇಟ್ಟರು.

"ಏನಂದ್ರು?" ಎಂದಳು ಅಕ್ಕ.

"ಎರಡನೇ ಪಾಳಿಗೆ ಬಾ ಅಂದ್ರು."

"ಅಷ್ಟೊತ್ತು ಅದನ್ನ ಅಂದ್ರೇನು?"

"ನಡುವ ಬೈದ್ರು. ಕಡೀಕ, ಬರುವಾಗ ಹೋಳಿಗಿ ತಗೊಂಡು ಬಾ ಅಂದ್ರು."