ಯೋಗೀಶರಿಗೆ ಕೊಟ್ಟ ಎರಡನೆಯ ಅವಕಾಶ

ವಿನೋದಾ ಅವರನ್ನು ನಾನು ಮೊದಲು ಕಂಡದ್ದು 2022ರ ಏಪ್ರಿಲಿನ ಒಂದು ಶನಿವಾರ ಮಧ್ಯಾಹ್ನ, ಅಮೆರಿಕದ ಲಾಸ್ ಏಂಜಲೀಸಿನ ಪಕ್ಕದ ಸೆರಿಟೋಸಿನಲ್ಲಿ, ನಮ್ಮ ಮಗಳ ಮನೆಯ ಹತ್ತಿರದ ಪಾರ್ಕಿನಲ್ಲಿ. ಬೆಂಚಿನ ಮೇಲೆ ಒಬ್ಬರೇ ಕುಳಿತಿದ್ದರು. ಮಡಿಲಲ್ಲಿ ಉದ್ದನೆಯ ಪುಸ್ತಕ, ಪಕ್ಕದಲ್ಲಿ ಅಂಗೈ ಅಗಲದ ರೇಡಿಯೊ, ಕೈಯಲ್ಲಿ ಮೊನೆ ಸವೆದ ಪೆನ್ಸಿಲು. ಪುಸ್ತಕದ ತುಂಬ ಚೌಕಗಳು. ಮೂವತ್ತೆರಡು ವರ್ಷ ಹಾಜರಿ ಪುಸ್ತಕ ಬರೆದವನಿಗೆ ಎಲ್ಲವೂ ಹಾಜರಿ ಪುಸ್ತಕವಾಗಿಯೇ ಕಾಣುತ್ತದೆ. ಹತ್ತಿರ ಹೋದೆ. ಎಡಗಡೆ ಸಾಲಾಗಿ ಬರೆದಿದ್ದ ಹೆಸರುಗಳು ಅಮೆರಿಕದವು, ಆದರೆ ಅಕ್ಷರಗಳು ಕನ್ನಡದವು.

"ನೀವು ಕನ್ನಡದವರೇ ತಾಯೀ?" ಎಂದೆ.

ಅವರು ತಲೆಯೆತ್ತಲಿಲ್ಲ. ಒಂದು ಬೆರಳು ಮೇಲೆತ್ತಿದರು, ತರಗತಿಯಲ್ಲಿ ನಾನು ಮಕ್ಕಳನ್ನು ಸುಮ್ಮನಿರಿಸುತ್ತಿದ್ದಂತೆ. ರೇಡಿಯೊದಲ್ಲಿ ಜನ ಹೋ ಎಂದರು. ಒಂದು ಚೌಕದಲ್ಲಿ ಏನನ್ನೋ ಗೀಚಿ ಆಮೇಲೆ ನನ್ನತ್ತ ತಿರುಗಿದರು.

"ತಪ್ಪು ತಿಳ್ಕೊಳ್ಬೇಡಿ ಮಾರಾಯ್ರೇ. ಎರಡು ಜನ ಬೇಸಿನ ಮೇಲೆ ಇದ್ರು. ಈಗ ಹೇಳಿ."

ಉಡುಪಿಯ ಕಡೆಯವರೆಂದು ಆ ಒಂದು ಮಾತಿನಲ್ಲೇ ತಿಳಿಯಿತು. ನಾನು ಮೈಸೂರಿನ ನಿವೃತ್ತ ಕನ್ನಡ ಮೇಷ್ಟರೆಂದು ಹೇಳಿಕೊಂಡೆ. ಅಂದಿನಿಂದ ನಾನು ಅವರಿಗೆ 'ಮಾಸ್ಟ್ರು' ಆದೆ. ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದೂರದ ನೆಂಟನೆಂಬುದಕ್ಕಿಂತ ಹೆಚ್ಚು ನನಗೆ ತಿಳಿದಿರಲಿಲ್ಲ. ಒಂದೊಂದು ಚೌಕವೂ ಒಬ್ಬ ಆಟಗಾರನ ಒಂದು ಸರದಿ ಎಂದು ಅವರು ವಿವರಿಸಿದರು. ಹೊಡೆದನೋ, ಓಡಿದನೋ, ಔಟಾದನೋ, ಎಲ್ಲವನ್ನೂ ಅದರೊಳಗೆ ಬರೆಯಬೇಕು. ಆಟಕ್ಕೆ ಒಂಬತ್ತು ಇನಿಂಗ್ಸು, ಮೂವರು ಔಟಾದರೆ ಒಂದು ಇನಿಂಗ್ಸು ಮುಗಿಯಿತು. ಆಸ್ಪತ್ರೆಯ ಫಾರ್ಮಸಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ಬಹಳ ವರ್ಷಗಳ ಹಿಂದೆ ಈ ಕ್ರಮವನ್ನು ಕಲಿಸಿದ್ದಳಂತೆ.

ಅವರ ಬಳಿ ಇನ್ನೊಂದು ಪುಸ್ತಕವೂ ಇರುವುದನ್ನು ನಾನು ಕೆಲವು ವಾರಗಳ ಬಳಿಕ ಗಮನಿಸಿದೆ. ಅದನ್ನು ಅವರು ಕೆಂಪು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು.

"ಇದು ನಮ್ಮ ಡಾಡ್ಜರ್ಸ್, ಲಾಸ್ ಏಂಜಲೀಸಿನದ್ದು. ಅದು ಪ್ಯಾಡ್ರೇಸ್. ಸ್ಯಾನ್ ಡಿಯಾಗೋದ್ದು, ನಮ್ಮವರ ಟೀಮು" ಎಂದರು.

ಅವರ ಗಂಡ ಯೋಗೀಶರು ಹದಿನಾರು ವರ್ಷ ಸ್ಯಾನ್ ಡಿಯಾಗೋದ ಒಂದು ಔಷಧ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ಇವರ ಕೆಲಸ ಲಾಸ್ ಏಂಜಲೀಸಿನ ಕಡೆ. ಯಾರೂ ಕೆಲಸ ಬಿಡುವಂತಿರಲಿಲ್ಲ, ಮಕ್ಕಳೂ ಇರಲಿಲ್ಲ. ಹೀಗಾಗಿ ವಾರದ ಐದು ದಿನ ಎರಡು ಊರುಗಳಲ್ಲಿ ಎರಡು ಸಂಸಾರ. ಯೋಗೀಶರು ಮೀರಾ ಮೇಸಾ ಎಂಬಲ್ಲಿ ಒಂದು ಕೋಣೆಯ ಸಣ್ಣ ಮನೆ ಕೊಂಡಿದ್ದರು. ಶುಕ್ರವಾರ ಸಂಜೆ ಎರಡೂವರೆ ಗಂಟೆ ಡ್ರೈವ್ ಮಾಡಿ ಸೆರಿಟೋಸಿಗೆ ಬರುವರು, ಭಾನುವಾರ ಊಟ ಮಾಡಿ ಹೊರಡುವರು. ಉಳಿದ ದಿನ ಸಂಜೆ ಫೋನು. ಫೋನಿನಲ್ಲಿ ಸಂಸಾರದ ಮಾತು ಐದು ನಿಮಿಷದಲ್ಲಿ ಮುಗಿಯುತ್ತಿತ್ತು, ಆಮೇಲೆ ಬೇಸ್‌ಬಾಲಿನ ಜಗಳ.

"'ನಿಮ್ಮವರು ಏಳನೇ ಇನಿಂಗ್ಸಲ್ಲಿ ನಿದ್ದೆ ಮಾಡಿದ್ರಾ ಹೇಗೆ?' ಅಂತ ಅವರು ಕೇಳುವುದು. 'ನಿಮ್ಮವರು ಎದ್ದದ್ದು ಯಾವಾಗ?' ಅಂತ ನಾನು. ಹದಿನಾರು ವರ್ಷ ಇದೇ ಮಾಸ್ಟ್ರೇ."

ಇಬ್ಬರಿಗೂ ಅರುವತ್ತು ಹತ್ತಿರವಾದಾಗ, ಯಾರು ಊರು ಬಿಟ್ಟು ಯಾರ ಊರಿಗೆ ಹೋಗುವುದು ಎಂಬ ಪ್ರಶ್ನೆ ಬಂದಿತು. ಇವರಿಗೆ ಸೆರಿಟೋಸೇ ಆಗಬೇಕು, ಅವರು ಸ್ಯಾನ್ ಡಿಯಾಗೋದ ಗಾಳಿಯೇ ಗಾಳಿ ಎನ್ನುವರು. ಕೊನೆಗೆ ಯೋಗೀಶರೇ ಒಂದು ಪಂಥ ಕಟ್ಟಿದರು. 2020ರ ಋತು ಮುಗಿದಾಗ ಯಾರ ತಂಡ ಪಟ್ಟಿಯಲ್ಲಿ ಕೆಳಗೆ ಉಳಿಯುತ್ತದೆಯೋ ಅವರು ಪೆಟ್ಟಿಗೆ ಕಟ್ಟಬೇಕು.

ಆ ವರ್ಷ ರೋಗ ಬಂದಿತು. ಆಟಗಳೆಲ್ಲ ಜುಲೈಯ ಕೊನೆಗೆ ಶುರುವಾದುವು, ಅದೂ ಅರುವತ್ತೇ. ಆಸ್ಪತ್ರೆಯಲ್ಲಿ ದುಡಿಯುವ ತನ್ನಿಂದ ಗಂಡನಿಗೆ ಸೋಂಕು ತಗಲಬಾರದೆಂದು ವಿನೋದಾ ಅವರೇ ಅವರು ಶುಕ್ರವಾರ ಬರುವುದನ್ನೂ ನಿಲ್ಲಿಸಿದರು. ಸೆಪ್ಟೆಂಬರಿನಲ್ಲಿ ಡಾಡ್ಜರ್ಸ್ ಮೊದಲನೆಯದಾಗಿ, ಪ್ಯಾಡ್ರೇಸ್ ಎರಡನೆಯದಾಗಿ ನಿಂತುವು. ಯೋಗೀಶರು ಸೋತಿದ್ದರು. ಜನವರಿಯ ಕೊನೆಗೆ ಕೆಲಸ ಬಿಟ್ಟು ಬರುವುದೆಂದು ನಿಶ್ಚಯವಾಯಿತು. ಜನವರಿಯ ಎರಡನೆಯ ವಾರ ಅವರಿಗೇ ಜ್ವರ ಬಂದಿತು. ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಹದಿನೇಳು ದಿನಗಳಲ್ಲಿ ಎಲ್ಲವೂ ಮುಗಿಯಿತು.

"ಬರ್ಬೇಡಿ ಬರ್ಬೇಡಿ ಅಂತ ಹೇಳಿದ್ದು ನಾನೇ ಅಲ್ವಾ" ಎಂದು ನನಗೆ ಹೇಳಿ ಅವರು ರೇಡಿಯೊದ ಸದ್ದನ್ನು ಸ್ವಲ್ಪ ಹೆಚ್ಚಿಸಿದರು.

ಗಂಡ ಹೋದ ಮೇಲೆ ಅವರ ತಂಡವನ್ನು ಕೇಳುವವರಿಲ್ಲವೆಂದು ಕೆಂಪು ಪೆನ್ಸಿಲು ಹಿಡಿದರು. ಮೀರಾ ಮೇಸಾದ ಮನೆಗೆ ಬೀಗ ಹಾಕಿಟ್ಟರು, ಮಾರಲಿಲ್ಲ. ಹದಿನೈದು ದಿನಕ್ಕೊಮ್ಮೆ ಹೋಗಿ ಕಿಟಕಿ ತೆರೆದು, ನೆಲ ಒರೆಸಿ, ಒಂದು ಲೋಟ ಚಹ ಮಾಡಿ ಕುಡಿದು ಬರುವರು. ಕಪಾಟನ್ನು ಮಾತ್ರ ತೆರೆಯುತ್ತಿರಲಿಲ್ಲ. ರೆಡೊಂಡೊ ಬೀಚಿನಲ್ಲಿರುವ ಅವರ ಅಕ್ಕನ ಮಗ ಪ್ರವೀಣ, "ಚಿಕ್ಕಮ್ಮಾ, ಒಂದೋ ಅಲ್ಲಿರಿ, ಇಲ್ಲಾ ಇಲ್ಲಿರಿ" ಎಂದು ಎಷ್ಟೋ ಸಲ ಹೇಳಿದ್ದ.

2024ರ ಆಗಸ್ಟಿನಲ್ಲಿ ನಾನೂ ಅದನ್ನೇ ಕೇಳಿದೆ. ಸೆಪ್ಟೆಂಬರಿಗೆ ಅವರ ನಿವೃತ್ತಿಯಿತ್ತು.

"ಮುಂದೆ ಎಲ್ಲಿರ್ತೀರಮ್ಮಾ?"

"ಗೊತ್ತಿಲ್ಲ. ಸೆಪ್ಟೆಂಬರ್ ಮುಗೀಲಿ, ಹೇಳ್ತೇನೆ."

"ಅಷ್ಟರಲ್ಲಿ ಏನಾಗುತ್ತೆ?"

ಪುಸ್ತಕ ಮಡಚಿ ನನ್ನನ್ನು ನೋಡಿದರು. "ನೀವು ನಗ್ಬಾರ್ದು. ಅವರು ಸೋತ ವರ್ಷ ಅರುವತ್ತೇ ಆಟ ಇದ್ದದ್ದು. ಅದೆಂತ ನ್ಯಾಯ? ಈ ಸಲ ನೂರ ಅರುವತ್ತೆರಡು ಉಂಟು. ಅವರಿಗೆ ಇನ್ನೊಂದು ಚಾನ್ಸ್ ಕೊಡ್ತಾ ಇದ್ದೇನೆ. ಅವರ ಟೀಮು ಮೇಲೆ ಬಂದ್ರೆ ನಾನು ಪೆಟ್ಟಿಗೆ ಕಟ್ಟಿ ಅವರ ಮನೆಗೆ ಹೋಗುವುದು. ನಮ್ಮದು ಬಂದ್ರೆ ಆ ಮನೆ ಕೊಟ್ಟುಬಿಡುವುದು. ಮತ್ತೆ ಅಲ್ಲಿಗೆ ಹೋಗ್ಲಿಕ್ಕೆ ಇಲ್ಲ."

ನಾನು ನಗಲಿಲ್ಲ. ನನ್ನ ಹೆಂಡತಿ ಇಂದಿರೆ ಮಾತ್ರ, ನಾನು ಮನೆಗೆ ಬಂದು ಹೇಳಿದಾಗ, "ಚೆಂಡು ಹೇಳಿದ ಕಡೆ ಬಾಳೋದೇ?" ಎಂದು ಗೊಣಗಿದಳು. ಆದರೆ ಮರುದಿನದಿಂದ ಅವಳೂ ಬೆಳಗಿನ ತಿರುಗಾಟಕ್ಕೆ ಹೊರಟಳು.

ಹೀಗೆ ಆ ಸೆಪ್ಟೆಂಬರಿನಲ್ಲಿ ನಾವು ಮುದುಕರಿಬ್ಬರೂ ಬೇಸ್‌ಬಾಲಿನ ಲೆಕ್ಕ ಕಲಿತೆವು. ಡಾಡ್ಜರ್ಸ್ ಮುಂದಿತ್ತು, ಪ್ಯಾಡ್ರೇಸ್ ಬೆನ್ನಟ್ಟಿಕೊಂಡು ಬರುತ್ತಿತ್ತು. ನಡುವೆ ಎಷ್ಟು ಆಟಗಳ ಅಂತರವೆಂಬುದನ್ನು ವಿನೋದಾ ಅವರು ಬೆಳಗ್ಗೆ ದೂರದಿಂದಲೇ ಬೆರಳೆತ್ತಿ ತೋರಿಸುವರು. ಐದು. ನಾಲ್ಕು. ಒಂದು ತಂಡ ಒಂದು ಆಟ ಹೆಚ್ಚು ಆಡಿ ಅಂತರದಲ್ಲಿ ಅರ್ಧ ಉಳಿದಿದ್ದರೆ ಒಂದು ಬೆರಳನ್ನು ಮಡಚಿ ಹಿಡಿಯುವರು. ಎರಡು ತಂಡಗಳೂ ಒಂದೇ ಹೊತ್ತಿಗೆ ಬೇರೆ ಬೇರೆ ಊರುಗಳಲ್ಲಿ ಆಡುವ ದಿನ ಅವರ ಪಾಡು ನೋಡಬೇಕು. ಒಂದು ಕಿವಿಯಲ್ಲಿ ರೇಡಿಯೊ, ಇನ್ನೊಂದರಲ್ಲಿ ಪ್ರವೀಣ ಹಾಕಿಕೊಟ್ಟ ಫೋನು, ಮೊಣಕಾಲಿನ ಮೇಲೆ ಒಂದೊಂದು ಪುಸ್ತಕ. ಒಮ್ಮೆ ಪ್ಯಾಡ್ರೇಸಿನ ಓಟವನ್ನು ಡಾಡ್ಜರ್ಸಿನ ಪುಸ್ತಕದಲ್ಲಿ ಬರೆದುಬಿಟ್ಟು, ಆಮೇಲೆ ರಬ್ಬರಿನಿಂದ ಉಜ್ಜಿ ಕಾಗದವನ್ನೇ ತೂತು ಮಾಡಿದರು.

ಋತುವಿನ ಕೊನೆಯ ವಾರ ಎರಡು ತಂಡಗಳೂ ಲಾಸ್ ಏಂಜಲೀಸಿನಲ್ಲೇ ಮುಖಾಮುಖಿಯಾದುವು. ಮಂಗಳವಾರ, ಬುಧವಾರ, ಗುರುವಾರ, ಮೂರು ಆಟ. ಆರಂಭಕ್ಕೆ ಅಂತರ ಮೂರು.

ಬುಧವಾರ ಬೆಳಗ್ಗೆ ವಿನೋದಾ ಅವರು ಎರಡು ಬೆರಳನ್ನು ಎತ್ತಿಕೊಂಡೇ ಓಡೋಡಿ ಬಂದರು. ಅರುವತ್ತು ದಾಟಿದವರು ಹಾಗೆ ಓಡಿದ್ದನ್ನು ನಾನು ನೋಡಿಲ್ಲ.

"ಮಾಸ್ಟ್ರೇ, ಮೂರು ಜನ! ಒಂದೇ ಚೆಂಡಿಗೆ ಮೂರು ಜನ ಔಟ್! ಕೊನೇ ಇನಿಂಗ್ಸು, ನಮ್ಮವರು ಇಬ್ರು ಬೇಸಿನ ಮೇಲೆ, ಒಬ್ರೂ ಔಟಾಗ್ಲಿಲ್ಲ. ಇನ್ನೇನು ಗೆದ್ದೇ ಬಿಟ್ರು ಅಂತ ಇರುವಾಗ ಠಣ್, ಠಣ್, ಠಣ್! ಆಟವೇ ಮುಗೀತು!"

"ಅಂದರೆ ನಿಮ್ಮ ತಂಡ ಸೋತಿತಲ್ಲಮ್ಮಾ?" ಎಂದೆ.

"ಸೋತಿತು. ಮತ್ತೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಇದೆಂತ ಮಾರಾಯ್ರೇ ನನ್ನ ಅವಸ್ಥೆ?"

ಇಂದಿರೆ ಮೆಲ್ಲಗೆ ಕೇಳಿದಳು: "ಈಗ ನಿಜ ಹೇಳಿ. ಯಾರು ಗೆಲ್ಲಬೇಕು ನಿಮಗೆ?"

ವಿನೋದಾ ಅವರ ಮುಖದ ನಗು ನಿಂತಿತು. ಬೆಂಚಿನ ಮೇಲೆ ಕುಳಿತು ಚಪ್ಪಲಿಯ ಪಟ್ಟಿಯನ್ನು ಸರಿಮಾಡಿಕೊಂಡರು. "ಅಲ್ಲಿ ಅವರ ಅಂಗಿ ಈಗ್ಲೂ ಬಾಗಿಲ ಹಿಂದೆ ಉಂಟು" ಎಂದಷ್ಟೇ ಹೇಳಿದರು.

ಬುಧವಾರದ ಆಟವನ್ನು ಡಾಡ್ಜರ್ಸ್ ಗೆದ್ದಿತು, ಗುರುವಾರದ್ದನ್ನೂ ಗೆದ್ದಿತು. ಇನ್ನು ಉಳಿದ ಆಟಗಳಲ್ಲಿ ಏನಾದರೂ ಮೊದಲ ಸ್ಥಾನ ತಪ್ಪುವಂತಿರಲಿಲ್ಲ. ಊರಿಗೆ ಊರೇ ತಂಡದ ನೀಲಿ ಅಂಗಿ ತೊಟ್ಟು ಕುಣಿಯಿತು. ಮೂರು ದಿನ ವಿನೋದಾ ಅವರು ಪಾರ್ಕಿಗೆ ಬರಲಿಲ್ಲ. ನಾಲ್ಕನೆಯ ದಿನ ನಾವೇ ಅವರ ಮನೆಗೆ ಹೋದೆವು. ಬಾಗಿಲು ತೆರೆದವರು ಒಂದೇ ಮಾತು ಹೇಳಿದರು.

"ಅವರು ಎರಡನೇ ಸಲ ಸೋತ್ರು, ಮಾಸ್ಟ್ರೇ."

ಆಡಿದ ಮಾತಿಗೆ ತಪ್ಪುವವರಲ್ಲ ಅವರು. ಅಕ್ಟೋಬರಿನ ಮಧ್ಯದ ಒಂದು ಶನಿವಾರ ಪ್ರವೀಣನ ಗಾಡಿಯಲ್ಲಿ ಮೀರಾ ಮೇಸಾದ ಮನೆಯನ್ನು ಖಾಲಿ ಮಾಡಲು ಹೊರಟರು. ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಎಡಗಡೆ ಒಣಗಿದ ಗುಡ್ಡ, ಬಲಗಡೆ ಸಮುದ್ರ. ಹದಿನಾರು ವರ್ಷ ಯೋಗೀಶರು ಒಬ್ಬರೇ ಓಡಾಡಿದ ದಾರಿ.

ಪ್ರವೀಣ ಪಾತ್ರೆಗಳನ್ನು ಕಟ್ಟುತ್ತಿದ್ದ. ವಿನೋದಾ ಅವರು ಕಪಾಟಿನ ಬಾಗಿಲು ತೆರೆದರು. ಸ್ವಲ್ಪ ಹೊತ್ತಿನ ಮೇಲೆ ನಾನು ಒಳಗೆ ಹೋಗಿ ನೋಡಿದೆ. ಅವರು ನೆಲದ ಮೇಲೆ ಕುಳಿತಿದ್ದರು, ಸುತ್ತ ಉದ್ದನೆಯ ಪುಸ್ತಕಗಳು. ವರ್ಷಕ್ಕೊಂದರಂತೆ ಹದಿನಾಲ್ಕು. ಚೌಕಗಳೊಳಗೆ ದುಂಡನೆಯ ಕನ್ನಡ ಅಕ್ಷರ.

"ಯೋಗೀಶರೂ ಬರೆಯುತ್ತಿದ್ದರೇ?" ಎಂದೆ.

"ಬರೆಯುವ ಕ್ರಮ ಕಲಿಸಿದ್ದು ನಾನೇ. ಬರೀತಾರೆ ಅಂತ ಗೊತ್ತಿರ್ಲಿಲ್ಲ." ಒಂದು ಪುಸ್ತಕವನ್ನು ನನ್ನತ್ತ ತಿರುಗಿಸಿದರು. "ಹೆಸರು ಓದಿ ಮಾಸ್ಟ್ರೇ."

ಎರಡು ವರ್ಷ ಅವರ ಪಕ್ಕ ಕುಳಿತು ನನಗೂ ಹೆಸರುಗಳು ಪರಿಚಯವಾಗಿದ್ದುವು. ಅವು ಪ್ಯಾಡ್ರೇಸಿನವಲ್ಲ. ಹದಿನಾಲ್ಕು ಪುಸ್ತಕಗಳ ತುಂಬ ಇದ್ದವರು ಡಾಡ್ಜರ್ಸಿನವರು. ಲಾಸ್ ಏಂಜಲೀಸಿನ ರೇಡಿಯೊ ಅಲ್ಲಿಗೆ ಕರಕರ ಸದ್ದಿನೊಂದಿಗೆ ಅಷ್ಟಿಷ್ಟು ಕೇಳುತ್ತಿತ್ತಂತೆ. ಅದಕ್ಕೆ ಕಿವಿಗೊಟ್ಟು ಕುಳಿತು ಹೆಂಡತಿಯ ತಂಡದ ಆಟವನ್ನು ಬರೆದಿದ್ದರು. ಸದ್ದು ಅಡ್ಡ ಬಂದಲ್ಲೆಲ್ಲ ಚೌಕದೊಳಗೆ ಸಣ್ಣದಾಗಿ 'ಕೇಳಿಸಲಿಲ್ಲ' ಎಂದು ಬರೆದಿದ್ದರು. ಕೆಲವು ಪುಟಗಳಲ್ಲಿ ಅರ್ಧಕ್ಕರ್ಧ ಅದೇ ಮಾತು.

"ಏಳನೇ ಇನಿಂಗ್ಸಿನ ಸುದ್ದಿ ಇವರಿಗೆ ಹೇಗೆ ಸಿಗ್ತದೆ ಅಂತ ನಾನು ಒಂದು ದಿನವೂ ಕೇಳ್ಲಿಲ್ಲ" ಎಂದರು ವಿನೋದಾ. "ಅವರ ಟೀಮಿನ ಒಂದು ಆಟವನ್ನೂ ಅವರಿರುವಾಗ ನಾನು ಕೇಳಿದವಳಲ್ಲ. ಅವರಿಗೆ ಟೀಮು ಅಂತ ಇತ್ತೋ, ಇಲ್ಲ ಜಗಳಕ್ಕೆ ಬೇಕಂತ ಇಟ್ಕೊಂಡದ್ದೋ!"

2020ರ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಪಟ್ಟಿಯಿತ್ತು. 'ಸೆರಿಟೋಸಿಗೆ ಒಯ್ಯಬೇಕಾದದ್ದು: ಕುಕ್ಕರು, ರೇಡಿಯೊ, ನೀರುದೋಸೆಯ ಕಾವಲಿ, ತುಳಸಿ. ಕುರ್ಚಿ ಬೇಡ, ಅಲ್ಲಿ ಉಂಟು.' ಮೇಲೆ ತಾರೀಖು ಬರೆದಿದ್ದರು: ಆಗಸ್ಟ್ 9. ಆಟಗಳು ಶುರುವಾಗಿ ಆಗ ಮೂರು ವಾರವೂ ಆಗಿರಲಿಲ್ಲ.

ವಿನೋದಾ ಅವರು ಆ ತಾರೀಖಿನ ಮೇಲೆ ಹೆಬ್ಬೆರಳಿಟ್ಟು ಕುಳಿತರು. "ಸೋಲುವ ಮೊದ್ಲೇ ಬರ್ಲಿಕ್ಕೆ ಹೊರಟಿದ್ರು" ಎಂದರು. ಪ್ರವೀಣ ಬಂದು, "ಚಿಕ್ಕಮ್ಮಾ, ಈ ಕುರ್ಚಿ?" ಎಂದು ಕೇಳಿದ. "ಬೇಡ. ಅಲ್ಲಿ ಉಂಟು" ಎಂದರು, ಪುಸ್ತಕದಿಂದ ಕಣ್ಣೆತ್ತದೆ.

ಪಟ್ಟಿಯಲ್ಲಿದ್ದುದನ್ನು ಮಾತ್ರ ತಂದರು. ತುಳಸಿ ಎಂದೋ ಒಣಗಿತ್ತು, ಅದರ ಕುಂಡವನ್ನು ತಂದರು. ಬಾಗಿಲ ಹಿಂದಿನ ಅಂಗಿ ಪಟ್ಟಿಯಲ್ಲಿರಲಿಲ್ಲ. ಅದನ್ನು ಮಡಚಿ ಪುಸ್ತಕಗಳ ಪೆಟ್ಟಿಗೆಯೊಳಗೆ ಇಟ್ಟದ್ದನ್ನು ನೋಡಿಯೂ ನಾನು ನೋಡದಂತಿದ್ದೆ. ಆ ಮನೆ ಈಗ ಬೇರೆಯವರದು.

ಕಳೆದ ವರ್ಷವೂ ಎರಡು ತಂಡಗಳ ನಡುವೆ ಸೆಪ್ಟೆಂಬರಿನವರೆಗೆ ಪೈಪೋಟಿ ನಡೆಯಿತು. ವಿನೋದಾ ಅವರು ಎರಡನ್ನೂ ಕೇಳಿದರು, ಬೆರಳು ಮಾತ್ರ ಎತ್ತಲಿಲ್ಲ. ಪಾರ್ಕಿಗೆ ಬರುವುದು ಈಗ ಅಪರೂಪ. ಬೆಳಗ್ಗೆ ಹತ್ತು ಗಂಟೆಗೆ ಅವರ ಮನೆಗೆ ಹೋದರೆ ಊಟದ ಮೇಜಿನ ಬಳಿ ಕಾಣಸಿಗುತ್ತಾರೆ. ಎಡಕ್ಕೆ ಯೋಗೀಶರ ಪುಸ್ತಕ, ಬಲಕ್ಕೆ ಅದೇ ವರ್ಷದ ತಮ್ಮ ಪುಸ್ತಕ. ಒಂದೇ ದಿನದ ಆಟವನ್ನು ಎರಡರಲ್ಲೂ ಹುಡುಕಿ, ಅವರು 'ಕೇಳಿಸಲಿಲ್ಲ' ಎಂದು ಬರೆದ ಚೌಕದ ಮೂಲೆಯಲ್ಲಿ, ಅವರ ಅಕ್ಷರ ಅಳಿಸದಂತೆ, ಏನಾಯಿತೆಂಬುದನ್ನು ಪೆನ್ಸಿಲಿನಿಂದ ತುಂಬುತ್ತಾರೆ. ದಿನಕ್ಕೆ ಎರಡು ಆಟ. ಮೊನ್ನೆ ನಾನು ಹೋದಾಗ 2013ಕ್ಕೆ ಬಂದಿದ್ದರು.

ಯೋಗೀಶರ ಪುಸ್ತಕದ ಒಂದು ಪುಟದಲ್ಲಿ ಒಂದು ಸಾಲು ಚೌಕಗಳು ಖಾಲಿಯೇ ಉಳಿದಿದ್ದುವು. "ಇದನ್ನು ಬಿಟ್ಟಿರಲ್ಲಮ್ಮಾ?" ಎಂದು ತೋರಿಸಿದೆ.

ಅವರು ತಮ್ಮ ಪುಸ್ತಕವನ್ನು ನನ್ನ ಮುಂದಕ್ಕೆ ಸರಿಸಿದರು. ಅದರಲ್ಲಿಯೂ ಅದೇ ಇನಿಂಗ್ಸು ಖಾಲಿ.

"ಆಗ ನಾವು ಫೋನಲ್ಲಿ ಮಾತಾಡ್ತಾ ಇದ್ದದ್ದು" ಎಂದರು. ಪೆನ್ಸಿಲಿನ ಮೊನೆ ಹರಿತ ಮಾಡಿಕೊಂಡು ಮುಂದಿನ ಸಾಲಿಗೆ ಹೋದರು.